ರಿಪೇರಿಯೇ ಹಬ್ಬವಾದ ಊರುಗಳು

ನಮ್ಮ ವರ್ಕ್‌ಶಾಪ್‌ನ ಲೇತ್ ಮಿಷಿನ್‌ಗಳು ವರ್ಷದಲ್ಲಿ ಒಂದೇ ಒಂದು ದಿನ ಫಳಫಳ ಹೊಳೆಯುತ್ತವೆ. ಯಾವ ದಿನ ಅಂತ ಹೇಳಬೇಕಾಗಿಲ್ಲ. ಆಯುಧ ಪೂಜೆಯ ಹಿಂದಿನ ಮಧ್ಯಾಹ್ನ ಇನ್‌ಸ್ಟ್ರಕ್ಟರ್ ಸರ್ ಎಲ್ಲರ ಕೈಗೂ ಒಂದೊಂದು ಹಳೇ ಬಟ್ಟೆ ಕೊಟ್ಟು ನಿಲ್ಲಿಸಿಬಿಡುತ್ತಾರೆ. ಬೆಡ್ ಮೇಲಿನ ಕಬ್ಬಿಣದ ಚೂರು ಗುಡಿಸಬೇಕು, ಲೀಡ್ ಸ್ಕ್ರೂ ಸಂದಿಯಲ್ಲಿ ಗಟ್ಟಿಯಾದ ಗ್ರೀಸ್ ಕೆರೆಯಬೇಕು, ಸೀಮೆಎಣ್ಣೆಯಲ್ಲಿ ಒರೆಸಿ ಹೊಸ ಎಣ್ಣೆ ಬಿಡಬೇಕು. ಆಮೇಲೆ ಅರಿಶಿನ ಕುಂಕುಮ, ಚೆಂಡುಹೂವು, ಬೂದುಗುಂಬಳ, ಕಡಲೆಪುರಿ. ಕಳೆದ ವರ್ಷ ಹೀಗೆ ಒರೆಸೋಕೆ ಅಂತ ಕವಚ ಬಿಚ್ಚಿದಾಗಲೇ ಮೂರನೇ ನಂಬರಿನ ಲೇತ್‌ನ ಬೆಲ್ಟ್ ಅರ್ಧ ಹರಿದಿರುವುದು ಕಣ್ಣಿಗೆ ಬಿತ್ತು. ಸರ್ ನಕ್ಕು, "ನೋಡ್ರಪ್ಪಾ, ಇದಕ್ಕೇ ನಿಮ್ಮ ಪುಸ್ತಕದಲ್ಲಿ ಪ್ರಿವೆಂಟಿವ್ ಮೇಂಟೆನೆನ್ಸ್ ಅಂತಾರೆ" ಅಂದರು.

ಆ ಮಾತು ತಲೆಯಲ್ಲಿ ಉಳಿದುಬಿಟ್ಟಿತು. ಈ ಸಂಚಿಕೆಗೆ ಜಗತ್ತಿನ ಹಬ್ಬಗಳ ಬಗ್ಗೆ ಬರೆದುಕೊಡು ಅಂದಾಗ ಮೊದಲು ನೆನಪಾಗಿದ್ದು ರಿಯೋದ ಕಾರ್ನಿವಲ್, ಸ್ಪೇನಿನ ಟೊಮ್ಯಾಟೋ ಎರಚಾಟ. ಅವುಗಳ ವಿಡಿಯೋ ಎಲ್ಲರೂ ನೋಡಿದ್ದೇವೆ, ನಾನು ಬರೆದು ಹೊಸದಾಗಿ ಹೇಳುವಂಥದ್ದೇನಿಲ್ಲ. ಅದರ ಬದಲು ಬೇರೆ ಒಂದು ಜಾತಿಯ ಹಬ್ಬಗಳನ್ನು ಹುಡುಕಿದೆ. ಅಲ್ಲಿ ಕೆಲಸ ಮುಗಿಸಿ ಹಬ್ಬ ಮಾಡುವುದಿಲ್ಲ, ಕೆಲಸವೇ ಹಬ್ಬ. ಊರಿನ ಒಂದು ಕಟ್ಟಡವನ್ನೋ ಸೇತುವೆಯನ್ನೋ ಕೆಡದಂತೆ ನೋಡಿಕೊಳ್ಳುವ ಜವಾಬ್ದಾರಿಯನ್ನು ಪಂಚಾಂಗಕ್ಕೇ ಕಟ್ಟಿ ಹಾಕಿರುವ ಊರುಗಳಿವು.

ಮೊದಲು ಪಶ್ಚಿಮ ಆಫ್ರಿಕಾದ ಮಾಲಿ ದೇಶಕ್ಕೆ ಹೋಗೋಣ. ಅಲ್ಲಿ ಜೆನ್ನೆ ಅನ್ನುವ ಹಳೆಯ ಪಟ್ಟಣವಿದೆ. ಊರ ನಡುವಿನ ದೊಡ್ಡ ಮಸೀದಿ ಪೂರ್ತಿ ಮಣ್ಣಿನದು. ಬಿಸಿಲಲ್ಲಿ ಒಣಗಿಸಿದ ಹಸಿ ಇಟ್ಟಿಗೆ, ಅದರ ಮೇಲೆ ಮಣ್ಣಿನದೇ ಗಿಲಾವು. ಈಗಿರುವ ಕಟ್ಟಡ 1907ರದ್ದು. ಮಣ್ಣಿನ ಗೋಡೆಗೆ ಮಳೆ ಏನು ಮಾಡುತ್ತದೆ ಅಂತ ನಮ್ಮ ಹಳ್ಳಿ ಮನೆಗಳನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಮಳೆಗಾಲಕ್ಕೆ ಮುಂಚೆ, ಊರಿನ ಗಾರೆ ಕೆಲಸದವರ ಸಂಘದ ಹಿರಿಯರು ದಿನ ಗೊತ್ತುಮಾಡುತ್ತಾರೆ. ಆ ದಿನ ಇಡೀ ಊರು ಸೇರಿ ಮಸೀದಿಗೆ ಹೊಸದಾಗಿ ಮಣ್ಣು ಮೆತ್ತಬೇಕು. ಫ್ರೆಂಚ್ ಭಾಷೆಯಲ್ಲಿ ಇದಕ್ಕೆ ಕ್ರೆಪಿಸಾಜ್ ಅನ್ನುತ್ತಾರೆ, ಗಿಲಾವು ಮಾಡುವುದು ಅಂತ ಅಷ್ಟೇ ಅರ್ಥ.

ತಯಾರಿ ವಾರಗಟ್ಟಲೆ ಮೊದಲೇ ಶುರು. ನದಿಯ ಮಣ್ಣನ್ನು ಗುಂಡಿಗಳಲ್ಲಿ ತುಂಬಿ, ಭತ್ತದ ಹೊಟ್ಟು ಸೇರಿಸಿ, ನೀರು ಹಾಕಿ ಕೊಳೆಯಲು ಬಿಡುತ್ತಾರೆ. ಹೊಟ್ಟು ಕೊಳೆತಷ್ಟೂ ಮಣ್ಣು ಜಿಗುಟಾಗುತ್ತದೆ, ಬಿರುಕು ಕಮ್ಮಿ. ಆಗಾಗ ಅದನ್ನು ತುಳಿದು ಕಲಸಬೇಕಲ್ಲ, ಆ ಕೆಲಸ ಊರಿನ ಚಿಕ್ಕ ಹುಡುಗರದ್ದು. ಕೆಸರಲ್ಲಿ ಕುಣಿ ಅಂದರೆ ಯಾವ ಹುಡುಗ ಬೇಡ ಅಂತಾನೆ ಹೇಳಿ! ಹಬ್ಬದ ಹಿಂದಿನ ರಾತ್ರಿ ಹಾಡು, ತಮಟೆ, ಜಾಗರಣೆ. ಬೆಳಕು ಹರಿಯುತ್ತಿದ್ದಂತೆ ಬುಟ್ಟಿಗಳಲ್ಲಿ ಮಣ್ಣು ಹೊತ್ತ ಯುವಕರು ಮಸೀದಿಯ ಕಡೆ ಓಟ ಕೀಳುತ್ತಾರೆ, ಒಂದು ಕೇರಿಯವರ ಮೇಲೆ ಇನ್ನೊಂದು ಕೇರಿಯವರಿಗೆ ಪೈಪೋಟಿ. ಹೆಂಗಸರು, ಹುಡುಗಿಯರು ನದಿಯಿಂದ ಸಾಲುಗಟ್ಟಿ ನೀರು ತರುತ್ತಾರೆ. ಮುದುಕರು ನೆರಳಲ್ಲಿ ಕೂತು ಯಾರು ಎಲ್ಲಿ ತಪ್ಪು ಮಾಡಿದರು ಅಂತ ಕೂಗಿ ಹೇಳುತ್ತಾರೆ. ಸಂಜೆಯೊಳಗೆ ಎಲ್ಲರೂ ಒಂದೇ ಬಣ್ಣ.

ಆ ಮಸೀದಿಯ ಫೋಟೋ ನೋಡಿದರೆ ಗೋಡೆಯಿಂದ ಮುಳ್ಳುಹಂದಿಯ ಮುಳ್ಳಿನ ಹಾಗೆ ತಾಳೆ ಮರದ ತುಂಡುಗಳು ಹೊರಗೆ ಚಾಚಿಕೊಂಡಿರುವುದು ಕಾಣುತ್ತದೆ. ನಾನು ಅದು ಅಲಂಕಾರ ಅಂದುಕೊಂಡಿದ್ದೆ. ಅಲಂಕಾರವೂ ಹೌದು, ಆದರೆ ಹಬ್ಬದ ದಿನ ಗಾರೆಯವರು ಹತ್ತಿ ನಿಲ್ಲುವುದು ಅದರ ಮೇಲೇ. ಅಂದರೆ ಕಟ್ಟುವಾಗಲೇ ರಿಪೇರಿಗೆ ಬೇಕಾದ ಸಾರುವೆಯನ್ನು ಗೋಡೆಯೊಳಗೆ ಕೂರಿಸಿಬಿಟ್ಟಿದ್ದಾರೆ. ನಾವು ಕಟ್ಟುವ ಎಷ್ಟು ಬಿಲ್ಡಿಂಗುಗಳಲ್ಲಿ ಹತ್ತು ವರ್ಷ ಆದಮೇಲೆ ಹೊರಗಿನ ಪೈಪ್ ಸರಿಮಾಡೋನು ಎಲ್ಲಿ ಕಾಲಿಡಬೇಕು ಅಂತ ಯೋಚಿಸಿರುತ್ತೇವೆ?

ಹಬ್ಬ ಮಾಡಿದರೆ ಎಲ್ಲ ಸರಿಹೋಗುತ್ತದೆ ಅಂತಲೂ ತಿಳಿಯಬೇಡಿ. ವರ್ಷ ವರ್ಷ ಮೆತ್ತಿದ ಮಣ್ಣು ಪದರ ಪದರವಾಗಿ ದಪ್ಪವಾಗಿ ಗೋಡೆಗೆ ಭಾರವಾಗುತ್ತಾ ಹೋಯಿತು. 2009ರ ನವೆಂಬರಿನಲ್ಲಿ ಜೋರು ಮಳೆ ಸುರಿದು ದಕ್ಷಿಣದ ಗೋಪುರದ ಮೇಲ್ಭಾಗ ಕುಸಿಯಿತು. ಆಗ ನಡೆದ ದುರಸ್ತಿಯಲ್ಲಿ ಹಳೆಯ ಪದರಗಳನ್ನು ಕೆರೆದು ತೆಗೆಯಬೇಕಾಯಿತು. ಸಂಭ್ರಮಕ್ಕೆ ಎಷ್ಟು ಮೆತ್ತಬೇಕು ಅನ್ನುವ ಲೆಕ್ಕವೂ ಜೊತೆಗಿರಬೇಕು.

ಈಗ ಅಟ್ಲಾಂಟಿಕ್ ದಾಟಿ ದಕ್ಷಿಣ ಅಮೆರಿಕದ ಪೆರು ದೇಶಕ್ಕೆ ಬನ್ನಿ. ನನಗೆ ಎಲ್ಲಕ್ಕಿಂತ ಇಷ್ಟವಾದ ಹಬ್ಬ ಇಲ್ಲಿದೆ. ಆಂಡೀಸ್ ಪರ್ವತಗಳಲ್ಲಿ ಸಮುದ್ರಮಟ್ಟದಿಂದ ಸುಮಾರು 3,700 ಮೀಟರ್ ಎತ್ತರದಲ್ಲಿ, ಕುಸ್ಕೊ ಪ್ರಾಂತ್ಯದಲ್ಲಿ, ಅಪುರಿಮಾಕ್ ನದಿಯ ಕಮರಿಗೆ ಅಡ್ಡಲಾಗಿ ಒಂದು ತೂಗುಸೇತುವೆ ಇದೆ. ಹೆಸರು ಕೆಸ್ವಾಚಾಕಾ. ಅಲ್ಲಿನ ಕೆಚುವಾ ಭಾಷೆಯಲ್ಲಿ ಕೆಸ್ವಾ ಅಂದರೆ ಹೊಸೆದ ಹಗ್ಗ, ಚಾಕಾ ಅಂದರೆ ಸೇತುವೆ. ಉದ್ದ ಸುಮಾರು 28 ಮೀಟರ್. ಅದರಲ್ಲಿ ಕಬ್ಬಿಣವಿಲ್ಲ, ಸಿಮೆಂಟಿಲ್ಲ, ಇರುವುದು ಹುಲ್ಲು. ಹೌದು, ದನ ತಿನ್ನುವಂಥ ಬೆಟ್ಟದ ಹುಲ್ಲು.

ಇಂಕಾ ದೊರೆಗಳ ಕಾಲದಲ್ಲಿ ಇಡೀ ಸಾಮ್ರಾಜ್ಯದ ರಸ್ತೆಗಳನ್ನು ಜೋಡಿಸುತ್ತಿದ್ದದ್ದು ಇಂಥ ಹಗ್ಗದ ಸೇತುವೆಗಳೇ. ಅವರ ಬಳಿ ಚಕ್ರದ ಗಾಡಿ ಇರಲಿಲ್ಲ, ದಾಟುವವರು ಮನುಷ್ಯರು ಮತ್ತು ಲಾಮಾ ಪ್ರಾಣಿಗಳು. ಸ್ಪೇನಿನವರು ಬಂದರು, ಸಾಮ್ರಾಜ್ಯ ಹೋಯಿತು, ಒಂದೊಂದಾಗಿ ಸೇತುವೆಗಳೂ ಹೋದವು. ಇದೊಂದು ಉಳಿದಿದೆ. ಉಳಿದಿದೆ ಅನ್ನುವುದೂ ತಪ್ಪೇ, ಏಕೆಂದರೆ ಈಗಿರುವ ಸೇತುವೆಯ ವಯಸ್ಸು ಒಂದು ವರ್ಷ ಕೂಡ ಇಲ್ಲ. ಪ್ರತಿ ಜೂನ್ ತಿಂಗಳಲ್ಲಿ ನಾಲ್ಕು ಹಳ್ಳಿಗಳ ಜನ ಸೇರಿ ಹಳೆಯದನ್ನು ಕತ್ತರಿಸಿ ನದಿಗೆ ಬಿಟ್ಟು ಹೊಸದನ್ನು ಕಟ್ಟುತ್ತಾರೆ. ಹುಲ್ಲು ತಾನೇ, ನೀರಲ್ಲಿ ಕೊಳೆತು ಹೋಗುತ್ತದೆ.

ಕೆಲಸದ ಕ್ರಮ ಕೇಳಿ. ಮೊದಲು ಪ್ರತಿ ಮನೆಯವರೂ ತಮ್ಮ ಪಾಲಿನ ಸಣ್ಣ ಹಗ್ಗ ಹೊಸೆದು ತರಬೇಕು. ಹುಲ್ಲನ್ನು ಕಲ್ಲಿನಿಂದ ಜಜ್ಜಿ, ನೆನೆಸಿ, ಮೆದುವಾದ ಮೇಲೆ ಅಂಗೈಗಳ ನಡುವೆ ಉಜ್ಜಿ ಹುರಿ ಮಾಡುತ್ತಾರೆ. ಮೊದಲ ದಿನ ಅಲ್ಲಿನ ಪುರೋಹಿತ ಭೂಮಿತಾಯಿ ಪಾಚಾಮಾಮಾಗೆ ಮತ್ತು ಬೆಟ್ಟದ ದೇವತೆಗಳಿಗೆ ನೈವೇದ್ಯ ಕೊಟ್ಟು ಅನುಮತಿ ಕೇಳುತ್ತಾನೆ. ಆಮೇಲೆ ಸಣ್ಣ ಹಗ್ಗಗಳನ್ನು ಹತ್ತಾರು ಸೇರಿಸಿ ಹೊಸೆದು ಮಧ್ಯಮ ಹಗ್ಗ, ಅಂಥ ಮೂರನ್ನು ಜಡೆಯ ಹಾಗೆ ಹೆಣೆದು ತೊಡೆಗಾತ್ರದ ಮಿಣಿ. ಇಂಥವು ಆರು ಬೇಕು, ನೆಲಕ್ಕೆ ನಾಲ್ಕು, ಕೈಹಿಡಿಗೆ ಎರಡು. ಎರಡನೆಯ ದಿನ ಎರಡೂ ದಡದಲ್ಲಿ ನಿಂತ ಗಂಡಸರು ಅವನ್ನು ಎಳೆದು ಬಿಗಿದು ಕಲ್ಲಿನ ಆಧಾರಗಳಿಗೆ ಸುತ್ತುತ್ತಾರೆ. ಮೂರನೆಯ ದಿನ ಚಾಕಾರುವಾಕ್ ಅನ್ನಿಸಿಕೊಳ್ಳುವ ಸೇತುವೆ ಕಟ್ಟುವ ಗುರುಗಳು ಎರಡೂ ತುದಿಯಿಂದ ಹೊರಟು, ಕಮರಿಯ ಮೇಲೆ ಹಗ್ಗದಲ್ಲೇ ಕೂತು, ಅಕ್ಕಪಕ್ಕದ ಜಾಲರಿ ಹೆಣೆಯುತ್ತಾ ನಡುವೆ ಬಂದು ಸೇರುತ್ತಾರೆ. ಮರುದಿನ ಊಟ, ಸಂಗೀತ, ಕುಣಿತ.

ಇದರಲ್ಲಿ ನನಗೆ ಅತಿ ಸೊಗಸು ಅನ್ನಿಸಿದ್ದು ಹೊಸೆಯುವ ದಿಕ್ಕು. ಎಳೆಗಳನ್ನು ಒಂದು ದಿಕ್ಕಿಗೆ ತಿರುಚಿ, ಆಮೇಲೆ ಅಂಥ ಎರಡು ಎಳೆಗಳನ್ನು ಅದರ ವಿರುದ್ಧ ದಿಕ್ಕಿಗೆ ಹೊಸೆದರೆ ಒಂದು ಬಿಚ್ಚಿಕೊಳ್ಳಲು ನೋಡುತ್ತದೆ, ಇನ್ನೊಂದು ಅದನ್ನೇ ಹಿಡಿದು ಬಿಗಿಯುತ್ತದೆ. ಎಳೆದಷ್ಟೂ ಬಿಗಿ. ಹುಲ್ಲಿನ ಒಂದೊಂದು ಎಳೆ ಗೇಣುದ್ದವೇ ಇರಲಿ, ಘರ್ಷಣೆಯ ಬಲದಿಂದ ಕಮರಿಯುದ್ದದ ಹಗ್ಗವಾಗುತ್ತದೆ. ನಮ್ಮ ಮನೆಗಳಲ್ಲಿ ತೆಂಗಿನ ನಾರು ಹೊಸೆಯುವ ಅಜ್ಜಿಯರೂ ಮಾಡುವುದು ಇದನ್ನೇ. ಎಂಐಟಿಯ ಜಾನ್ ಓಕ್ಸೆನ್‌ಡಾರ್ಫ್ ಎಂಬ ಸ್ಟ್ರಕ್ಚರಲ್ ಎಂಜಿನಿಯರ್ ಈ ಸೇತುವೆಯನ್ನು ಅಧ್ಯಯನ ಮಾಡಿದ್ದಾರೆ. 2007ರಲ್ಲಿ ಅದೇ ಕಾಲೇಜಿನ ವಿದ್ಯಾರ್ಥಿಗಳು ಕತ್ತಾಳೆ ಜಾತಿಯ ನಾರಿನ ದಾರ ತಂದು ಕ್ಯಾಂಪಸ್ಸಿನಲ್ಲೇ ಇಂಥದ್ದೊಂದು ಸೇತುವೆ ಕಟ್ಟಿ ನಡೆದು ನೋಡಿದರು. ನಮ್ಮ ಟೆಕ್ ಫೆಸ್ಟ್ ಸಮಿತಿಯವರು ದಯವಿಟ್ಟು ಗಮನಿಸಿ, ಐಸ್‌ಕ್ರೀಮ್ ಕಡ್ಡಿಯ ಸೇತುವೆ ಮಾಡಿಸಿದ್ದು ಸಾಕು.

ನನಗೆ ಒಪ್ಪಿಗೆಯಾಗದ ಒಂದು ಸಂಗತಿಯೂ ಇದೆ. ಹಗ್ಗದಲ್ಲಿ ದೊಡ್ಡ ಪಾಲು ಹೊಸೆಯುವವರು ಹೆಂಗಸರು, ಆದರೆ ಕಟ್ಟುವಾಗ ಅವರು ಸೇತುವೆಯ ಹತ್ತಿರ ಬರುವಂತಿಲ್ಲ, ಬಂದರೆ ಅಪಶಕುನ ಅಂತ ನಂಬಿಕೆ. ಇಂಥವು ನಮಗೇನು ಹೊಸದಲ್ಲ.

ಪಕ್ಕದಲ್ಲೇ ವಾಹನ ಓಡಾಡುವ ಕಬ್ಬಿಣದ ಸೇತುವೆ ಇದೆ. ಹಾಗಿದ್ದೂ ಹುಲ್ಲಿನದನ್ನು ಬಿಟ್ಟಿಲ್ಲ. 2013ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಸೇತುವೆಯನ್ನಲ್ಲ, ಅದನ್ನು ಪ್ರತಿ ವರ್ಷ ಕಟ್ಟುವ ವಿದ್ಯೆಯನ್ನು, ವಿಧಿಯನ್ನು. ಎರಡಕ್ಕೂ ಇರುವ ವ್ಯತ್ಯಾಸ 2020ರಲ್ಲಿ ಗೊತ್ತಾಯಿತು. ಕೊರೊನಾದಿಂದಾಗಿ ಆ ಜೂನ್‌ನಲ್ಲಿ ಹಬ್ಬ ನಡೆಯಲಿಲ್ಲ. 2021ರ ಮಾರ್ಚ್‌ನಲ್ಲಿ ಸೇತುವೆ ಹರಿದು ನದಿಗೆ ಬಿತ್ತು. ಒಂದು ಹಬ್ಬ ತಪ್ಪಿದ್ದಕ್ಕೆ ಐದಾರು ಶತಮಾನದ ಸೇತುವೆ ಇಲ್ಲ! ಆದರೆ ಕೈಗಳು ಇದ್ದವು. ಅದೇ ಜೂನ್‌ನಲ್ಲಿ ಜನ ಮತ್ತೆ ಸೇರಿ ಹೊಸದಾಗಿ ಕಟ್ಟಿ ನಿಲ್ಲಿಸಿದರು.

ಇದನ್ನು ಓದುವಾಗ ನನಗೆ ಗುಜರಾತಿನ ಮೋರ್ಬಿ ಬೇಡವೆಂದರೂ ನೆನಪಾಯಿತು. ಮಚ್ಛು ನದಿಯ ಮೇಲಿನ ಹತ್ತೊಂಬತ್ತನೇ ಶತಮಾನದ ತೂಗುಸೇತುವೆ ಅದು. ರಿಪೇರಿಗೆ ಅಂತ ತಿಂಗಳುಗಟ್ಟಲೆ ಮುಚ್ಚಿ, 2022ರ ಅಕ್ಟೋಬರ್ 26ರಂದು, ಗುಜರಾತಿ ಹೊಸವರ್ಷದ ದಿನ, ಮತ್ತೆ ತೆರೆದರು. ದೀಪಾವಳಿ ರಜೆ, ಮಕ್ಕಳು ಮರಿ ಕಟ್ಟಿಕೊಂಡು ಜನ ಬಂದರು. ನಾಲ್ಕನೆಯ ದಿನ ಸಂಜೆ ಸೇತುವೆ ಹರಿದು 130ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ನಡೆದ ತನಿಖೆಯಲ್ಲಿ ಹೊರಬಂದಿದ್ದು ಇದು: ಒಂದು ಮುಖ್ಯ ಕೇಬಲ್‌ನ 49 ತಂತಿಗಳಲ್ಲಿ 22 ಮೊದಲೇ ತುಕ್ಕು ಹಿಡಿದಿದ್ದವು. ನೆಲದ ಮರದ ಹಲಗೆ ತೆಗೆದು ಹೊಸ ಅಲ್ಯೂಮಿನಿಯಂ ಹಾಸಿದ್ದರು, ಕೇಬಲ್ ಮಾತ್ರ ಹಳೆಯದೇ. ಜನರ ಕಣ್ಣಿಗೆ ಕಾಣುವುದು ಹೊಳೆಯುವ ನೆಲ. ಕೇಬಲ್ ಒಳಗಿನ ತಂತಿ ನೋಡುವುದು ಯಾರ ಹಬ್ಬವೂ ಆಗಿರಲಿಲ್ಲ.

ಉಕ್ಕಿಗಿಂತ ಹುಲ್ಲು ಮೇಲು ಅಂತ ನಾನು ಹೇಳುತ್ತಿಲ್ಲ, ಹಾಗೆ ಹೇಳಿದರೆ ನನ್ನ ಇಂಟರ್ನಲ್ಸ್ ಮಾರ್ಕ್ಸ್ ಹೋದಂತೆಯೇ. ಕೆಸ್ವಾಚಾಕಾದಲ್ಲಿ ಸಾವಿರ ಕಣ್ಣುಗಳ ಎದುರು ಪ್ರತಿ ಎಳೆಯೂ ಹೊಸದಾಗಿ ಹೊಸೆಯಲ್ಪಡುತ್ತದೆ. ಹೊಸೆದವನೇ ನಾಳೆ ಅದರ ಮೇಲೆ ನಡೆಯುವವನು. ಕಳಪೆ ಹಗ್ಗ ತಂದವನ ಮನೆ ಹೆಸರು ನಾಲ್ಕು ಹಳ್ಳಿಗೂ ಗೊತ್ತಾಗುತ್ತದೆ. ಇದಕ್ಕಿಂತ ಗಟ್ಟಿಯಾದ ಕ್ವಾಲಿಟಿ ಆಡಿಟ್ ಯಾವುದಿದೆ?

ಮೂರನೆಯದು ಜಪಾನ್. ಅಲ್ಲಿ ಎರಡು ಊರುಗಳಿವೆ. ಕ್ಯೋಟೋದ ಗಿಯೋನ್ ಹಬ್ಬದ ಬಗ್ಗೆ ಬೇಗ ಹೇಳಿಬಿಡುತ್ತೇನೆ, ಏಕೆಂದರೆ ತೇರು ನೋಡಿದ ಕನ್ನಡಿಗರಿಗೆ ಅದು ಅರ್ಧ ಗೊತ್ತಿರುವ ಹಬ್ಬ. 869ರಲ್ಲಿ ಸಾಂಕ್ರಾಮಿಕ ರೋಗ ಹಬ್ಬಿದಾಗ ಮಾಡಿದ ಪೂಜೆಯಿಂದ ಶುರುವಾದದ್ದು. ಪ್ರತಿ ಜುಲೈನಲ್ಲಿ ಭಾರೀ ತೇರುಗಳು ಬೀದಿಗೆ ಬರುತ್ತವೆ. ದೊಡ್ಡವು ಸುಮಾರು 12 ಟನ್ ತೂಕ, ತುದಿಯವರೆಗೆ 25 ಮೀಟರ್ ಎತ್ತರ. ಪ್ರತಿ ವರ್ಷ ಬಿಡಿಭಾಗಗಳನ್ನು ಹೊರತೆಗೆದು, ಮೊಳೆ ಹೊಡೆಯದೆ, ಹುಲ್ಲಿನ ಹಗ್ಗದಲ್ಲೇ ಬಿಗಿದು ಜೋಡಿಸಿ, ಮೆರವಣಿಗೆ ಮುಗಿದ ತಕ್ಷಣ ಬಿಚ್ಚಿಡುತ್ತಾರೆ. ಮೊಳೆಯ ಜಾಯಿಂಟ್ ಅಲುಗಾಟಕ್ಕೆ ಸೀಳಬಹುದು, ಹಗ್ಗದ ಗಂಟು ಸ್ವಲ್ಪ ಬಿಟ್ಟುಕೊಟ್ಟು ಮತ್ತೆ ಹಿಡಿಯುತ್ತದೆ. ನಮ್ಮ ತೇರಿನ ಹಾಗೆ ಅದಕ್ಕೂ ಸ್ಟೀರಿಂಗ್ ಇಲ್ಲ. ನಮ್ಮಲ್ಲಿ ಗಾಲಿಗೆ ಮರದ ಬೆಣೆ ಕೊಟ್ಟು ದಿಕ್ಕು ತಿದ್ದುತ್ತಾರೆ, ಅಲ್ಲಿ ಮೂಲೆಯಲ್ಲಿ ಗಾಲಿಯ ಕೆಳಗೆ ಸೀಳಿದ ಬಿದಿರು ಹಾಸಿ ನೀರು ಸುರಿದು ಇಡೀ ತೇರನ್ನು ಅಡ್ಡಕ್ಕೆ ಜಾರಿಸುತ್ತಾರೆ.

ಇನ್ನೊಂದು ಊರು ಇಸೆ. ಅಲ್ಲಿನ ಮಹಾ ದೇಗುಲವನ್ನು 20 ವರ್ಷಕ್ಕೊಮ್ಮೆ ಪೂರ್ತಿಯಾಗಿ ಹೊಸದಾಗಿ ಕಟ್ಟುತ್ತಾರೆ. ಪಕ್ಕಪಕ್ಕದಲ್ಲಿ ಎರಡು ಸೈಟುಗಳಿವೆ. ಒಂದರಲ್ಲಿ ಗುಡಿ, ಇನ್ನೊಂದು ಖಾಲಿ. ಖಾಲಿ ಜಾಗದಲ್ಲಿ ತದ್ರೂಪಿ ಗುಡಿ ಎದ್ದ ಮೇಲೆ ಒಂದು ರಾತ್ರಿ ದೇವತೆಯನ್ನು ಅಲ್ಲಿಗೆ ಸಾಗಿಸಿ, ಹಳೆಯದನ್ನು ಕಳಚುತ್ತಾರೆ. ಮೊದಲ ಸಲ ನಡೆದದ್ದು 690ರಲ್ಲಿ, 62ನೆಯದು 2013ರಲ್ಲಿ. ಮುಂದಿನದು 2033ಕ್ಕೆ, ಅದರ ವಿಧಿಗಳು 2025ರಲ್ಲೇ ಶುರುವಾಗಿವೆ.

ಕಂಬಗಳನ್ನು ಕಲ್ಲಿನ ಪಾದವಿಲ್ಲದೆ ನೇರ ಮಣ್ಣಿನಲ್ಲಿ ಹೂಳಿರುತ್ತಾರೆ, ಮಾಡಿಗೆ ಹುಲ್ಲು, ಮರಕ್ಕೆ ಬಣ್ಣವಿಲ್ಲ. ಕೆಡುವುದು ಖಂಡಿತ. ಕಲ್ಲಿನ ಅಡಿಪಾಯ ಹಾಕಲು ಜಪಾನಿನವರಿಗೆ ಬರುವುದಿಲ್ಲವೇ? ಬರುತ್ತದೆ. ಆದರೂ ಹೀಗೇ ಕಟ್ಟುತ್ತಾರೆ. 20 ವರ್ಷವೇ ಏಕೆ ಎಂಬುದಕ್ಕೆ ಹೇಳುವ ಕಾರಣಗಳಲ್ಲಿ ಒಂದು ಹೀಗಿದೆ: ಇಪ್ಪತ್ತರ ಹುಡುಗ ಕೈಕೆಳಗೆ ಕಲಿಯುತ್ತಾನೆ, ನಲವತ್ತಕ್ಕೆ ತಾನೇ ಮುಂದೆ ನಿಂತು ಮಾಡುತ್ತಾನೆ, ಅರವತ್ತಕ್ಕೆ ಕೂತು ಕಲಿಸುತ್ತಾನೆ. ವಿದ್ಯೆಗೆ ಮೂರು ತಲೆಮಾರಿನ ಓವರ್‌ಲ್ಯಾಪ್.

ಬಡಗಿಗಳಷ್ಟೇ ಅಲ್ಲ, ಊರವರಿಗೂ ಪಾಲಿದೆ. ದೇವರ ಮರದ ದಿಮ್ಮಿಗಳನ್ನು ಜನ ಹಾಡುತ್ತಾ, ಕೂಗು ಹಾಕುತ್ತಾ ಬೀದಿಯಲ್ಲಿ ಗಾಡಿಯ ಮೇಲೂ ಇಸುಜು ಹೊಳೆಯ ನೀರಿನಲ್ಲೂ ಎಳೆದು ತರುತ್ತಾರೆ. ಗುಡಿ ಎದ್ದ ಮೇಲೆ ಒಬ್ಬೊಬ್ಬರೂ ಬಿಳಿ ಬೆಣಚುಕಲ್ಲನ್ನು ಬಟ್ಟೆಯಲ್ಲಿ ಹಿಡಿದು ಒಳಗೆ ಹೋಗಿ ನೆಲಕ್ಕೆ ಹಾಸುತ್ತಾರೆ. ಸಾಮಾನ್ಯ ಜನ ಅಷ್ಟು ಹತ್ತಿರ ಹೋಗಬಹುದಾದದ್ದು ಆಗ ಮಾತ್ರ. ಹಳೆಯ ಗುಡಿಯ ಮರವೂ ವ್ಯರ್ಥವಲ್ಲ. ಮುಖ್ಯ ಕಂಬಗಳು ಉಜಿ ಸೇತುವೆಯ ಎರಡು ತುದಿಯ ಕಮಾನುಗಳಾಗಿ ಇನ್ನೂ 20 ವರ್ಷ ನಿಲ್ಲುತ್ತವೆ, ಆಮೇಲೆ ಬೇರೆ ಊರಿನ ಕಮಾನಾಗಿ ಮತ್ತೆ 20.

ಇಷ್ಟು ಹಿನೋಕಿ ಮರ ಎಲ್ಲಿಂದ? ಹತ್ತಿರದ ಕಾಡು ಎಂದೋ ಬರಿದಾಗಿ ದೂರದಿಂದ ತರುತ್ತಿದ್ದರು. 1923ರಲ್ಲಿ ದೇಗುಲದವರು 200 ವರ್ಷದ ಕಾಡಿನ ಯೋಜನೆ ಹಾಕಿ ಸಸಿ ನೆಡಲು ಶುರುಮಾಡಿದರು. ಆ ಸಸಿ ನೆಟ್ಟವರಲ್ಲಿ ಒಬ್ಬರೂ ಅದರ ದೊಡ್ಡ ಕಂಬ ನೋಡುವುದಿಲ್ಲ. ನಮಗೋ ಮೂರು ತಿಂಗಳ ಮಿನಿ ಪ್ರಾಜೆಕ್ಟ್ ಪ್ಲಾನ್ ಮಾಡಲು ಬರುವುದಿಲ್ಲ!

ಇದೂ ತಡೆಯಿಲ್ಲದೆ ನಡೆದುಬಂದದ್ದಲ್ಲ. ಹದಿನೈದು ಹದಿನಾರನೇ ಶತಮಾನದ ಯುದ್ಧಗಳ ಕಾಲದಲ್ಲಿ 120 ವರ್ಷಕ್ಕೂ ಹೆಚ್ಚು ಕಾಲ ನಿಂತುಹೋಗಿತ್ತು. ಅದನ್ನು ಮತ್ತೆ ಶುರುಮಾಡಿಸಿದವರಲ್ಲಿ ಮುಖ್ಯರು ದೇಶ ಸುತ್ತಿ ದೇಣಿಗೆ ಎತ್ತಿದ ಬೌದ್ಧ ಸನ್ಯಾಸಿನಿಯರು. ಗುಡಿ ಶಿಂತೋ ಧರ್ಮದ್ದು, ಅಂದಹಾಗೆ.

ಇಷ್ಟೆಲ್ಲ ಬರೆಯಲು ಕಾರಣ ನಮ್ಮ ಅಜ್ಜನ ಮನೆಯ ಹಳ್ಳ. ಮಲೆನಾಡಿನವರಿಗೆ ಕಾಲುಸಂಕ ಗೊತ್ತು. ಪ್ರತಿ ಮೇ ಕೊನೆಗೆ, ಮುಂಗಾರು ಹಿಡಿಯುವ ಮೊದಲು, ಒಂಬತ್ತು ಮನೆಯಿಂದ ಒಬ್ಬೊಬ್ಬರು ಬಂದು ಹಳ್ಳಕ್ಕೆ ಸಂಕ ಹಾಕುತ್ತಿದ್ದರು. ಫಸಲು ನಿಂತ ಅಡಿಕೆ ಮರದ ದಬ್ಬೆ, ಕೈಹಿಡಿಗೆ ಬಿದಿರು, ಕಟ್ಟಲು ಕಾಡುಬಳ್ಳಿ. ಚೌಡಿಗೆ ಒಂದು ಕಾಯಿ ಒಡೆದು ಶುರು, ಮಧ್ಯಾಹ್ನ ಯಾರದಾದರೂ ಮನೆಯಲ್ಲಿ ಹಲಸಿನಹಣ್ಣಿನ ಕಡುಬು. ಅದಕ್ಕೆ ಹಬ್ಬ ಅಂತ ಯಾರೂ ಹೆಸರಿಟ್ಟಿರಲಿಲ್ಲ. ಎಂಟು ವರ್ಷದ ಹಿಂದೆ ಕಾಂಕ್ರೀಟ್ ಕಿರುಸೇತುವೆ ಬಂತು. ಒಳ್ಳೆಯದೇ ಆಯಿತು. ಸಂಕದಿಂದ ನಮ್ಮ ಅತ್ತೆ ಒಮ್ಮೆ ಹಾಲಿನ ಕ್ಯಾನ್ ಸಮೇತ ಬಿದ್ದಿದ್ದಾರೆ, ಜೋರು ಮಳೆಯಲ್ಲಿ ಶಾಲೆಗೆ ಹೋಗುವ ಮಕ್ಕಳನ್ನು ದಾಟಿಸುವ ಭಯ ಏನು ಅಂತ ನಮ್ಮಮ್ಮನಿಗೆ ಗೊತ್ತು. ಮತ್ತೆ ಸಂಕ ಬೇಕು ಅನ್ನುವವರು ಊರಲ್ಲಿ ಒಬ್ಬರೂ ಇಲ್ಲ.

ಆದರೆ ಮೇ ಕೊನೆಯಲ್ಲಿ ಈಗ ಹಳ್ಳದ ಹತ್ತಿರ ಯಾರೂ ಹೋಗುವುದಿಲ್ಲ. ಹೋದ ದೀಪಾವಳಿಗೆ ನಾನು ಹೋಗಿ ಕೆಳಗಿಳಿದು ನೋಡಿದರೆ ಆ ಬದಿಯ ದಡದ ಗೋಡೆಯ ಬುಡದಲ್ಲಿ ನೀರು ಮಣ್ಣು ಕೊರೆದು ಮೊಣಕೈ ಹೋಗುವಷ್ಟು ಪೊಳ್ಳು ಮಾಡಿದೆ. ಒಂದು ಅರ್ಜಿ ಬರೆದು ಕೊಟ್ಟಿದ್ದೇವೆ, ಸ್ವೀಕೃತಿ ಸೀಲು ಬಿದ್ದಿದೆ, ಅಷ್ಟೇ.

ಸಂಕದ ಕಟ್ಟು ಹೇಗೆ ಹಾಕ್ತಿದ್ರಿ ಅಂತ ಅಜ್ಜನನ್ನು ಕೇಳಿದೆ. "ಬಾಯಲ್ಲಿ ಹೇಳೂಕೆ ಬರೂದಿಲ್ಲ, ಬಳ್ಳಿ ತಗಂಬಾ" ಅಂದರು. ತಂದೆ. ಹಸಿ ಬಳ್ಳಿ ಆಗಲ್ಲ, ರಾತ್ರಿಯೆಲ್ಲ ನೀರಲ್ಲಿ ಹಾಕಿಡು ಅಂದರು. ಮರುದಿನ ಎರಡು ಬಿದಿರು ತುಂಡಿಗೆ ನಾನೇ ಕಟ್ಟಿದೆ, ಅವರು ಕುರ್ಚಿಯಲ್ಲಿ ಕೂತು ಮೂರು ಸಲ ಬಿಚ್ಚಿಸಿದರು. ನಾಲ್ಕನೆಯದಕ್ಕೆ ಏನೂ ಅನ್ನಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಅದೂ ಸಡಿಲ. "ಮೇ ಕೊನೆಗೆ ಬಾ, ಆಗ ಬಳ್ಳಿ ಸರಿಯಿರ್ತು" ಅಂದರು. ಹೋಗುವಾಗ ಹಳ್ಳದ ಗೋಡೆಯ ಬುಡಕ್ಕೆ ತುಂಬಲು ಕಲ್ಲು ಒಟ್ಟುಮಾಡಿಡಿ ಅಂತ ಒಂಬತ್ತೂ ಮನೆಗೆ ಫೋನ್ ಮಾಡಿದ್ದೇನೆ, ಆರು ಮನೆಯವರು ಬರ್ತೇವೆ ಅಂದಿದ್ದಾರೆ. ಆರನೇ ಸೆಮ್ ಟೈಮ್‌ಟೇಬಲ್ ಒಂದು ಇನ್ನೂ ಬಂದಿಲ್ಲ.